ಹೂವಿಗೆ ಲೆಕ್ಕವಿಲ್ಲ, ಕಾಯಿ ಮಾತ್ರ ಐದೇ: ಚಪ್ಪರದ ಬಳ್ಳಿಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮದು ಮೈಸೂರು. ಮನೆ ಹಿಂದೆ 12 ಅಡಿ ಉದ್ದ, 10 ಅಡಿ ಅಗಲದ ಜಾಗದಲ್ಲಿ ಕಬ್ಬಿಣದ ಪೈಪಿನಿಂದ 8 ಅಡಿ ಎತ್ತರದ ಚಪ್ಪರ ಹಾಕಿಸಿದ್ದೇನೆ. ಜೂನ್ ಮೊದಲ ವಾರ ಹೀರೆ, ಹಾಗಲ, ಪಡುವಲ, ಸೋರೆ ಬೀಜ ಹಾಕಿ ಒಂದೊಂದರಲ್ಲೂ ಮೂರು ಬಳ್ಳಿ ಉಳಿಸಿಕೊಂಡೆ. ಬಳ್ಳಿ ಪೈಪು ಹಿಡಿಯಲೇ ಇಲ್ಲ, ದಾರ ಕಟ್ಟಿ ನಾನೇ ಹತ್ತಿಸಿದೆ. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಕೊಡುತ್ತೇನೆ. ಈಗ ಆಗಸ್ಟ್. ಮೇಲೆ ಎಲೆ ಕಾಡಿನ ಹಾಗಿದೆ, ಹೂವಿಗೆ ಲೆಕ್ಕವೇ ಇಲ್ಲ. ಆದರೆ ಹೀರೆ, ಸೋರೆಯ ಹೀಚು ಬೆರಳುದ್ದ ಇರುವಾಗಲೇ ಹಳದಿಯಾಗಿ ಉದುರುತ್ತಿದೆ. ಹಾಗಲದಲ್ಲಿ ಹುಳ. ಇವತ್ತಿನವರೆಗೆ ಸಿಕ್ಕಿದ್ದು ಐದು ಹೀರೆಕಾಯಿ. ಚಪ್ಪರ ಕಿತ್ತು ಬಲೆ ಕಟ್ಟಿಸಲೇ? ಗೊಬ್ಬರ ಬದಲಿಸಲೇ?

ಉತ್ತರ: ಚಪ್ಪರ ಕೀಳಬೇಡಿ. ಹಿಂಡಿ ನೀರು ಮಾತ್ರ ಇವತ್ತಿಂದಲೇ ನಿಲ್ಲಿಸಿ. ಆಮೇಲೆ ಒಂದು ಕೆಲಸ ಮಾಡಿ. ಇವತ್ತು ಸಂಜೆ ಆರೂವರೆಗೆ ಟಾರ್ಚು ಹಿಡಿದುಕೊಂಡು ಚಪ್ಪರದ ಕೆಳಗೆ ಹೋಗಿ ನಿಂತು ನೋಡಿ. ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುವ ತೋಟವೇ ಬೇರೆ, ಸಂಜೆಯ ತೋಟವೇ ಬೇರೆ.

ಹೀರೆ ಹೂ ಅರಳುವುದು ಸಂಜೆ. ಸೋರೆಯ ಬಿಳಿ ಹೂವೂ ಸಂಜೆಯೇ. ಪಡುವಲದ ಹೂ ಇನ್ನೂ ಸ್ವಲ್ಪ ಕತ್ತಲಾದ ಮೇಲೆ, ಅಂಚಿನಲ್ಲಿ ಬಿಳಿ ನೂಲಿನ ಕುಚ್ಚು ಬಿಚ್ಚಿಕೊಂಡು ಅರಳುತ್ತದೆ. ಹಾಗಲ, ಸೌತೆ, ಕುಂಬಳ ಮಾತ್ರ ಬೆಳಗಿನ ಜಾವದವು. ಬೆಳಗಿನ ಹೂಗಳಿಗೆ ಜೇನುನೊಣ ಇದೆ. ಸಂಜೆ ಹೂಗಳ ಕೆಲಸ ಹೆಚ್ಚಾಗಿ ಪತಂಗಗಳದ್ದು. ಊರಿನ ನಡುವೆ, ಬೀದಿ ದೀಪದ ಬೆಳಕಿನಲ್ಲಿ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಪತಂಗ ಬಾರದೇ ಇದ್ದರೆ ಆಶ್ಚರ್ಯವಿಲ್ಲ. ನಿಮ್ಮ ಹಾಗಲ ಕಾಯಿ ಕಟ್ಟಿದೆ, ಹುಳ ಬಿದ್ದಿದ್ದು ಆಮೇಲೆ. ಹೀರೆ, ಸೋರೆ ಕಟ್ಟುತ್ತಲೇ ಇಲ್ಲ. ಈ ವ್ಯತ್ಯಾಸದಲ್ಲೇ ಅರ್ಧ ಉತ್ತರ ಇದೆ, ಅಲ್ವಾ?

ಖಾತ್ರಿ ಮಾಡಿಕೊಳ್ಳಲು ಉದುರಿದ ಹೀಚನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ಒಳಗೆ ಹುಳ ಇಲ್ಲ, ಸಿಪ್ಪೆಯ ಮೇಲೆ ಗಾಯ ಇಲ್ಲ, ತುದಿಯಿಂದ ಸುಮ್ನೆ ಹಳದಿಯಾಗಿ ಸೊರಗಿದೆ ಅಂದರೆ ಪರಾಗ ಸಿಕ್ಕಿಲ್ಲ. ಸೂಜಿ ಚುಚ್ಚಿದಂಥ ತೂತು, ಅಲ್ಲಿಂದ ಅಂಟು ಒಸರಿದ ಗುರುತು, ಕಾಯಿ ಒಂದು ಕಡೆ ಸೊಟ್ಟಗೆ ಬಗ್ಗಿದೆ ಅಂದರೆ ಹಣ್ಣುನೊಣ. ಎರಡೂ ಒಂದೇ ಚಪ್ಪರದಲ್ಲಿ ಇರಬಹುದು. ಮದ್ದು ಬೇರೆ ಬೇರೆ.

ಪರಾಗದ ಕೆಲಸ ನೀವೇ ಮಾಡಬಹುದು, ಎರಡು ನಿಮಿಷ ಸಾಕು. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಅದರ ಹಿಂದೆ ಪುಟ್ಟ ಕಾಯಿ ಹುಟ್ಟಿನಿಂದಲೇ ಇರುತ್ತದೆ. ಹೀರೆಯಲ್ಲಿ ಗಂಡು ಹೂ ಗೊಂಚಲಾಗಿ ಬರುತ್ತದೆ, ಹೆಣ್ಣು ಒಂಟಿ. ಹೊಸದಾಗಿ ಅರಳಿದ ಗಂಡು ಹೂ ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಗಂಟಿಗೆ ಮೆತ್ತಗೆ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಹೀರೆಯ ಹೂ ಹೀರೆಗೇ, ಸೋರೆಯದು ಸೋರೆಗೇ. ಮೂರ್ನಾಲ್ಕು ದಿನದಲ್ಲಿ ತಿಳಿಯುತ್ತದೆ. ಪರಾಗ ಹತ್ತಿದ ಹೀಚು ಕೆಳಮುಖವಾಗಿ ಬಾಗಿ ದಪ್ಪಗಾಗುತ್ತದೆ, ಹತ್ತದ್ದು ಇದ್ದಲ್ಲೇ ಬಾಡುತ್ತದೆ.

ಇಲ್ಲಿ ನಿಮ್ಮ ಚಪ್ಪರದ ಒಂದು ತೊಂದರೆ ಕಾಣುತ್ತದೆ. 8 ಅಡಿ! ಹೂವಿಗೆ ಕೈ ಎಟುಕಬೇಕಾದರೆ ಸ್ಟೂಲು ಹತ್ತಬೇಕು, ಅದೂ ಕತ್ತಲಲ್ಲಿ, ಒದ್ದೆ ನೆಲದಲ್ಲಿ. ಚಪ್ಪರದ ಎತ್ತರ ಅಳೆಯಲು ಟೇಪು ಬೇಡ. ಮನೆಯಲ್ಲಿ ದಿನಾ ಕಾಯಿ ಕೊಯ್ಯುವವರು ಯಾರೋ ಅವರು ನಿಂತು ಕೈ ಎತ್ತಿದರೆ ಮುಂಗೈ ಚಪ್ಪರಕ್ಕೆ ಮುಟ್ಟಬೇಕು, ಅಷ್ಟೇ. ಹೆಚ್ಚು ಕಡಿಮೆ ಆರು, ಆರೂವರೆ ಅಡಿ ಆಗುತ್ತದೆ. ಪೈಪನ್ನು ಕತ್ತರಿಸುವ ಗೋಜು ಬೇಡ. ಆರೂವರೆ ಅಡಿಗೆ ಇನ್ನೊಂದು ಹಂತದಲ್ಲಿ ತಂತಿ ಎಳೆದು ಮುಂದಿನ ಬೆಳೆ ಅದರ ಮೇಲೆ ಹಬ್ಬಿಸಿ.

ಇನ್ನು ಪೈಪನ್ನು ಬಳ್ಳಿ ಹಿಡಿಯಲಿಲ್ಲ ಅಂದಿರಿ. ಅದು ಬಳ್ಳಿಯ ತಪ್ಪಲ್ಲ. ಬಳ್ಳಿಗಳಲ್ಲಿ ಎರಡು ಜಾತಿ ಇವೆ. ಅವರೆ, ಅಲಸಂದೆ, ಬಸಳೆ ಇವುಗಳ ಕಾಂಡವೇ ಕಂಬವನ್ನು ಸುತ್ತಿಕೊಂಡು ಮೇಲೇರುತ್ತದೆ. ಹೆಬ್ಬೆರಳಿಗಿಂತ ದಪ್ಪ ಗಳವಾದರೂ ಅವಕ್ಕೆ ಅಡ್ಡಿಯಿಲ್ಲ. ಹೀರೆ, ಹಾಗಲ, ಸೋರೆ, ಪಡುವಲ, ಸೌತೆ ಹಾಗಲ್ಲ. ಇವು ಎಲೆಯ ಬುಡದಿಂದ ಹೊರಡುವ ನೂಲಿನಂಥ ಎಳೆಗಳಿಂದ ಹಿಡಿದುಕೊಳ್ಳುತ್ತವೆ. ಹಾಗಲದ ಎಳೆ ಒಂಟಿ, ಹೀರೆ, ಸೋರೆಯದು ಕವಲೊಡೆದದ್ದು. ಆ ಎಳೆಗೆ ಪೆನ್ಸಿಲಿನಷ್ಟು ಸಣ್ಣದು ಸಿಕ್ಕಿದರೆ ಒಂದೇ ದಿನದಲ್ಲಿ ಬಿಗಿಯಾಗಿ ಸುತ್ತುತ್ತದೆ. ಎರಡು ಇಂಚಿನ ನುಣುಪಾದ ಪೈಪು ಸಿಕ್ಕಿದರೆ ಪಾಪ, ಸುತ್ತಲು ಸಾಲದೆ ಜಾರುತ್ತದೆ. ಬೇಸಿಗೆಯಲ್ಲಿ ಪೈಪು ಕಾದು ಎಳೆಯ ಕುಡಿ ಸುಡುವುದು ಬೇರೆ.

ಹಿಡಿದುಕೊಂಡ ಎಳೆಯೊಂದನ್ನು ಹತ್ತಿರದಿಂದ ನೋಡಿ. ಹಿಡಿದ ಮೇಲೆ ಅದು ಸ್ಪ್ರಿಂಗಿನ ಹಾಗೆ ಸುರುಳಿಯಾಗಿ ಬಳ್ಳಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಸುರುಳಿಯ ಅರ್ಧ ಭಾಗ ಒಂದು ದಿಕ್ಕಿಗೆ ಸುತ್ತಿದ್ದರೆ ಉಳಿದರ್ಧ ಅದರ ಎದುರು ದಿಕ್ಕಿಗೆ ಇರುತ್ತದೆ. ಗಾಳಿ ಬೀಸಿದಾಗ ಆ ಸ್ಪ್ರಿಂಗು ಹಿಗ್ಗಿ ಕುಗ್ಗಿ ಬಳ್ಳಿಯನ್ನು ಕಾಪಾಡುತ್ತದೆ. ನಾವು ದಾರದಿಂದ ಬಿಗಿದು ಕಟ್ಟಿದ ಬಳ್ಳಿಗೆ ಈ ಸೌಲಭ್ಯ ಇಲ್ಲ, ಗಾಳಿಗೆ ದಾರವೇ ಕಾಂಡವನ್ನು ಕೊಯ್ಯುತ್ತದೆ. ಕಟ್ಟಲೇಬೇಕಾದರೆ ಬಟ್ಟೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ.

ಹಾಗಾಗಿ ನಿಮ್ಮ ಚಪ್ಪರಕ್ಕೆ ಬೇಕಾದದ್ದು ಇಷ್ಟೇ. ಪೈಪಿನ ಕಂಬಗಳಿಗೆ ತೆಂಗಿನ ನಾರಿನ ಹಗ್ಗ ಸುತ್ತಿ. ಮೇಲೆ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಅಂತರಕ್ಕೆ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಒಂದು ದಿಕ್ಕಿಗೆ, ನಾರಿನ ಹಗ್ಗ ಇನ್ನೊಂದು ದಿಕ್ಕಿಗೆ ಎಳೆದು ಚೌಕ ಮಾಡಿ. ಪ್ರತಿ ಬಳ್ಳಿಯ ಬುಡದ ಹತ್ತಿರ ಒಂದು ಗೂಟ ಹೊಡೆದು ಅಲ್ಲಿಂದ ಮೇಲಕ್ಕೆ ಒಂದು ಹಗ್ಗ. ಮಲೆನಾಡಿನಲ್ಲಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಪಟ್ಟಿ, ಹರಡಿ ಅದರ ಮೇಲೆ ಸಣ್ಣ ಸೊಪ್ಪುಕಡ್ಡಿ ಹಾಕುತ್ತಾರೆ. ಆ ಕಡ್ಡಿಗಳು ಸುಮ್ನೆ ಹಾಕಿದ್ದಲ್ಲ. ದಬ್ಬೆ ಭಾರ ಹೊರುತ್ತದೆ, ಕಡ್ಡಿ ಬಳ್ಳಿಗೆ ಹಿಡಿಯಲು ಸಿಗುತ್ತದೆ.

ಅಂಗಡಿಯ ನೈಲಾನ್ ಬಲೆ ಕಟ್ಟುವ ಯೋಚನೆ ನನಗೆ ಅಷ್ಟು ಹಿಡಿಸುವುದಿಲ್ಲ. ಸಣ್ಣ ಕಣ್ಣಿನ ಬಲೆಯಲ್ಲಿ ಕಾಯಿ ಸಿಕ್ಕಿಕೊಂಡು ನಡುವೆ ಸೊಂಟ ಕಟ್ಟಿದ ಹಾಗೆ ಬೆಳೆಯುತ್ತದೆ. ಬೆಳೆ ಮುಗಿದ ಮೇಲೆ ಒಣ ಬಳ್ಳಿಯನ್ನು ಬಲೆಯಿಂದ ಬಿಡಿಸುತ್ತಾ ಕೂತರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ನಾರಿನ ಹಗ್ಗವಾದರೆ ಬಳ್ಳಿ ಸಮೇತ ಕತ್ತರಿಸಿ ಗೊಬ್ಬರ ಗುಂಡಿಗೆ ಹಾಕಬಹುದು. ಇನ್ನೊಂದು ಕಾರಣವೂ ಇದೆ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಅಲಸಂದೆಗೆ ನೆಲದವರೆಗೆ ಬಲೆ ಇಳಿಬಿಟ್ಟಿದ್ದೆ. ಒಂದು ಬೆಳಿಗ್ಗೆ ಕೇರೆಹಾವು ಅದರಲ್ಲಿ ಸಿಕ್ಕಿಕೊಂಡು ಸುಸ್ತಾಗಿ ಬಿದ್ದಿತ್ತು. ಮುಂದಕ್ಕೆ ನುಗ್ಗಿದಷ್ಟೂ ದಾರ ಚರ್ಮಕ್ಕೆ ಇಳಿದಿತ್ತು. ಗೋಣಿಚೀಲ ಹೊದಿಸಿ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದೆವು. ಹೊರಟುಹೋಯಿತು, ಬದುಕಿತೋ ಗೊತ್ತಿಲ್ಲ. ಬಲೆ ಕಟ್ಟುವುದಾದರೆ ಕೈ ಆರಾಮಾಗಿ ತೂರುವಷ್ಟು ದೊಡ್ಡ ಕಣ್ಣಿನದು ತನ್ನಿ, ಕೆಳ ಅಂಚು ನೆಲದಿಂದ ಒಂದೂವರೆ ಅಡಿ ಮೇಲಿರಲಿ.

ಗಾಳಿಯ ವಿಚಾರವನ್ನು ಎಲ್ಲರೂ ಮರೆಯುತ್ತಾರೆ. ಎಲೆ ತುಂಬಿದ ಚಪ್ಪರ ಅಂದರೆ ಕಟ್ಟಿ ನಿಲ್ಲಿಸಿದ ದೊಡ್ಡ ಟಾರ್ಪಾಲು ಇದ್ದ ಹಾಗೆ. ನಿಮ್ಮದು ನೆಲದಲ್ಲಿದೆ, ಕಂಬ ಎರಡು ಅಡಿ ಒಳಗೆ ಹೋಗಿದ್ದರೆ ಸಾಕು. ತಾರಸಿಯಲ್ಲಿ ಮಾಡುವವರು ಆಷಾಢದ ಗಾಳಿಯನ್ನು ನೆನೆಸಿಕೊಂಡೇ ಕಂಬ ನಿಲ್ಲಿಸಬೇಕು. ತಾರಸಿಗೆ ತೂತು ಹೊಡೆಯುವುದು ಬೇಡ, ನೀರು ಸೋರುತ್ತದೆ. ಪೇಂಟಿನ ಹಳೇ ಬಕೆಟ್ಟುಗಳಲ್ಲಿ ಕಾಂಕ್ರೀಟು ತುಂಬಿ ಅದರಲ್ಲಿ ಕಂಬ ಊರಿ, ನಾಲ್ಕೂ ಕಂಬಗಳನ್ನು ಕೆಳಗೂ ಮೇಲೂ ಅಡ್ಡಪಟ್ಟಿಯಿಂದ ಜೋಡಿಸಿ. ಗಿಡಕ್ಕೆ 20 ಲೀಟರಿನ ಬಕೆಟ್ಟು ಒಂದು ಹಾಗಲಕ್ಕೋ ಹೀರೆಗೋ ಸಾಕು. ಸೋರೆಗೆ ಅರ್ಧ ಡ್ರಮ್ ಬೇಕು.

ಈಗ ನಿಮ್ಮ ಕಾಡಿಗೆ ಬರೋಣ. 120 ಚದರ ಅಡಿಗೆ ಹನ್ನೆರಡು ಬಳ್ಳಿ, ಅದರಲ್ಲಿ ಮೂರು ಸೋರೆ! ಸೋರೆ ಒಂದೇ ಬಳ್ಳಿ ಬಿಟ್ಟರೂ ಅರ್ಧ ಚಪ್ಪರ ನುಂಗುತ್ತದೆ. ಅದರ ಮೇಲೆ ವಾರ ವಾರ ಹಿಂಡಿ ನೀರು. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಜಾಸ್ತಿ. ಸಾರಜನಕ ಹೆಚ್ಚಾದರೆ ಬಳ್ಳಿ ಎಲೆ ಮತ್ತು ಗಂಡು ಹೂವಿನಲ್ಲೇ ಕಾಲ ಕಳೆಯುತ್ತದೆ. ಹೀರೆ, ಹಾಗಲ, ಪಡುವಲ ಎರಡೆರಡು, ಸೋರೆ ಒಂದು ಉಳಿಸಿಕೊಂಡು ಉಳಿದ ಐದನ್ನು ತೆಗೆಯಿರಿ. ಹೊಟ್ಟೆ ಉರಿಯುತ್ತದೆ, ಗೊತ್ತು. ತೆಗೆಯುವಾಗ ಮೇಲಿಂದ ಎಳೆಯಬೇಡಿ, ಪಕ್ಕದ ಬಳ್ಳಿಯೂ ಹರಿದು ಬರುತ್ತದೆ. ಬುಡದಲ್ಲಿ ಕತ್ತರಿಸಿ ನಾಲ್ಕೈದು ದಿನ ಸುಮ್ನಿರಿ. ಯಾವುದು ಒಣಗಿತೋ ಅದನ್ನು ಮಾತ್ರ ತುಂಡು ತುಂಡು ಮಾಡಿ ಬಿಡಿಸಿ. ಕೆಳಗೆ ನಿಂತು ತಲೆ ಎತ್ತಿದರೆ ಎಲೆಗಳ ನಡುವೆ ಅಲ್ಲಲ್ಲಿ ಆಕಾಶ ಕಾಣುವ ಹಾಗಿರಬೇಕು. ಬೆಳಕು, ಗಾಳಿ ಬಿದ್ದರೆ ಎಲೆಯ ಮೇಲೆ ಬಿಳಿ ಪುಡಿ ಕೂರುವ ಬೂದಿ ರೋಗವೂ ತನ್ನಷ್ಟಕ್ಕೆ ತಗ್ಗುತ್ತದೆ. ಬೂದಿ ಹಿಡಿದ ಎಲೆ ಕಿತ್ತು ಹಾಕಿ. ಗಂಧಕ ಸಿಂಪಡಿಸಿ ಅಂತ ಯಾರಾದರೂ ಹೇಳಿದರೆ ಎಚ್ಚರ, ಬಿಸಿಲಿನಲ್ಲಿ ಈ ಜಾತಿಯ ಬಳ್ಳಿಗಳ ಎಲೆ ಅದಕ್ಕೆ ಸುಟ್ಟುಹೋಗುತ್ತದೆ.

ಗೊಬ್ಬರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೀಜ ಊರುವ ಗುಂಡಿಗೆ ಮೊದಲೇ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಹೂ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಗೊಬ್ಬರ, ಅರ್ಧ ಹಿಡಿ ಒಲೆ ಬೂದಿ. ಕರಾವಳಿಯವರಿಗೆ ಸುಡುಮಣ್ಣು (ಸೊಪ್ಪು, ಕಸದ ಜೊತೆ ಸುಟ್ಟ ಮಣ್ಣು) ಇದ್ದರೆ ಇನ್ನೂ ಒಳ್ಳೆಯದು.

ಕುಡಿ ಚಿವುಟುವ ವಿಷಯವನ್ನು ನೀವು ಕೇಳಲಿಲ್ಲ, ಆದರೆ ಯೂಟ್ಯೂಬಿನಲ್ಲಿ ಥ್ರೀಜಿ ಕಟಿಂಗ್ ನೋಡಿಯೇ ಇರುತ್ತೀರಿ. ಮುಖ್ಯ ಬಳ್ಳಿ, ಅದರ ಕವಲು, ಕವಲಿನ ಕವಲು, ಹೀಗೆ ಮೂರನೇ ತಲೆಮಾರಿನಲ್ಲಿ ಹೆಣ್ಣು ಹೂ ಹೆಚ್ಚು ಅನ್ನುವುದು ಅದರ ಲೆಕ್ಕ. ಸೋರೆಗೆ ಇದು ನಿಜ, ಮಾಡಿ ನೋಡಿದ್ದೇನೆ. ಉಳಿದವಕ್ಕೆ ನಾನು ಇಷ್ಟೇ ಮಾಡುತ್ತೇನೆ: ಚಪ್ಪರ ಮುಟ್ಟುವವರೆಗೆ ಪಕ್ಕದ ಚಿಗುರು ತೆಗೆದು ಒಂದೇ ಕಾಂಡ ಬಿಡುವುದು, ಚಪ್ಪರ ಹತ್ತಿದ ಮೇಲೆ ತುದಿ ಒಮ್ಮೆ ಚಿವುಟುವುದು. ದಿನಾ ಕತ್ತರಿ ಹಿಡಿದು ನಿಲ್ಲುವುದರಿಂದ ಬಳ್ಳಿಗಿಂತ ನಮಗೇ ಸಮಾಧಾನ ಜಾಸ್ತಿ.

ಹಾಗಲದ ಹುಳ ಹಣ್ಣುನೊಣದ ಮರಿ. ನೊಣ ಎಳೆಗಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಆದ್ದರಿಂದ ಹುಳ ಕಂಡ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ, ಹುಳಕ್ಕೆ ಅದು ತಲುಪುವುದೇ ಇಲ್ಲ. ಬಲಿತ ಹುಳ ಕಾಯಿಯಿಂದ ನೆಲಕ್ಕೆ ಬಿದ್ದು ಮೇಲ್ಮಣ್ಣಿನಲ್ಲಿ ಕೋಶ ಕಟ್ಟಿ ಮತ್ತೆ ನೊಣವಾಗುತ್ತದೆ. ಸರಪಳಿ ಮುರಿಯಬೇಕಾದ್ದು ಅಲ್ಲಿ. ಹುಳುಕು ಕಾಯಿಯನ್ನು ಬುಡದಲ್ಲಿ ಬಿಸಾಡಬೇಡಿ, ಗೊಬ್ಬರ ಗುಂಡಿಗೂ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎರಡು ಮೂರು ದಿನ ಬಿಸಿಲಿಗೆ ಇಡಿ. ಚಪ್ಪರದ ಕೆಳಗಿನ ಮಣ್ಣನ್ನು ವಾರಕ್ಕೊಮ್ಮೆ ಕೆದಕಿ, ಇರುವೆ, ಹಕ್ಕಿ ಉಳಿದದ್ದು ನೋಡಿಕೊಳ್ಳುತ್ತವೆ. ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಒಂದು ಮೋಹಕ ಬಲೆ ತೂಗುಹಾಕಿ. ಅಂಗಡಿಯಲ್ಲಿ ಕೇಳುವಾಗ ಕ್ಯೂ ಲೂರ್ ಅಂತಲೇ ಕೇಳಿ. ಮಾವಿನ ನೊಣಕ್ಕೆ ಬಳಸುವುದು ಮಿಥೈಲ್ ಯುಜಿನಾಲ್, ಅದನ್ನು ಕೊಟ್ಟು ಕಳಿಸುವವರಿದ್ದಾರೆ, ಅದಕ್ಕೆ ಹಾಗಲದ ನೊಣ ಬರುವುದಿಲ್ಲ. ಕ್ಯೂ ಲೂರಿಗೆ ಬೀಳುವುದೂ ಗಂಡು ನೊಣ ಮಾತ್ರ. ಈಗಾಗಲೇ ಕೂಡಿದ ಹೆಣ್ಣು ನೊಣ ಚುಚ್ಚುತ್ತಲೇ ಇರುತ್ತದೆ. ಅದಕ್ಕೇ ಹೂ ಬಾಡಿದ ಕೂಡಲೇ ಹೀಚಿಗೆ ಪೇಪರಿನ ಪೊಟ್ಟಣ ತೊಡಿಸಿ. ನ್ಯೂಸ್ ಪೇಪರನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಮೇಲ್ಗಡೆ ಒಂದು ಸ್ಟೇಪ್ಲರ್ ಪಿನ್ ಹೊಡೆದರಾಯಿತು. ಮಳೆಗೆ ನೆನೆದರೆ ಬದಲಿಸಿ. ಮನೆಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಪಡುವಲ ಕಟ್ಟಲು ಶುರುವಾದರೆ ಒಂದು ಹಳೇ ಕೆಲಸ ಮಾಡಿ. ಕಾಯಿ ಗೇಣುದ್ದ ಆದಾಗ ಅಡಿಕೆಗಿಂತ ಸ್ವಲ್ಪ ದೊಡ್ಡ ಕಲ್ಲನ್ನು ಬಾಳೆನಾರಿನಲ್ಲಿ ಕಟ್ಟಿ ತುದಿಗೆ ತೂಗುಬಿಡಿ. ಇಲ್ಲದಿದ್ದರೆ ಕಾಯಿ ಹಾವಿನಂತೆ ಸುತ್ತಿಕೊಳ್ಳುತ್ತದೆ, ಹೆಚ್ಚುವುದು ಕಷ್ಟ. ನಮ್ಮಮ್ಮ ಇದಕ್ಕೆಂದೇ ಒಂದೇ ಗಾತ್ರದ ಹೊಳೆಗಲ್ಲುಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಚಿಕ್ಕವರಿದ್ದಾಗ ಆ ಕಲ್ಲು ಕದ್ದು ಆಡಿ ಬೈಸಿಕೊಂಡಿದ್ದೇವೆ. ಪಡುವಲ ನೇರ ಇಳಿಯಲು ಕೆಳಗೆ ಜಾಗ ಬೇಕು, ಅದಕ್ಕೇ ಅದು ಅಡ್ಡ ಚಪ್ಪರದ ತರಕಾರಿ. ಸೋರೆ, ಹೀರೆಯೂ ಹಾಗೇ. ಹಾಗಲ, ಸೌತೆ, ಅಲಸಂದೆಗೆ ಬೇಲಿಯಂಥ ನೇರ ಹಂದರವೇ ಸಾಕು. ಅದನ್ನು ಉತ್ತರ ದಕ್ಷಿಣಕ್ಕೆ ನಿಲ್ಲಿಸಿದರೆ ಬೆಳಗಿನ ಬಿಸಿಲು ಒಂದು ಮುಖಕ್ಕೆ, ಸಂಜೆಯದು ಇನ್ನೊಂದಕ್ಕೆ ಬೀಳುತ್ತದೆ. ತೊಂಡೆಗೆ ಬೀಜ ಬೇಡ, ಕಾಯಿ ಬಿಟ್ಟ ಬಳ್ಳಿಯ ತುಂಡು ತಂದು ನೆಡಿ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಬೆಳೆಸಿ ಎರಡು ವರ್ಷ ಗಂಡು ಬಳ್ಳಿಗೆ ನೀರು ಹಾಕಿದವರನ್ನು ಕಂಡಿದ್ದೇನೆ.

ಹಾಗಲದ ಪಕ್ಕ ಹೀರೆ ಹಾಕಿದರೆ ಹೀರೆ ಕಹಿಯಾಗುತ್ತದೆ ಅಂತ ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರಬಹುದು. ಹಾಗೇನಿಲ್ಲ. ಅವೆರಡೂ ಬೇರೆ ಬೇರೆ ಜಾತಿ, ಒಂದರ ಪರಾಗದಿಂದ ಇನ್ನೊಂದು ಕಾಯಿ ಕಟ್ಟುವುದೇ ಇಲ್ಲ. ಕಹಿ ಬರುವುದು ಬೀಜದ ಗುಣದಿಂದ, ಕೆಲವೊಮ್ಮೆ ನೀರಿನ ಕೊರತೆ, ಬಿಸಿಲಿನ ಹೊಡೆತದಿಂದ. ಆದರೆ ಸೋರೆಕಾಯಿ ಕಹಿ ಇದ್ದರೆ ಮಾತ್ರ ಹುಡುಗಾಟವಲ್ಲ. ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಬಿಸಾಡಿ. ಕಹಿ ಸೋರೆಯ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ಬೇಯಿಸಿದರೆ ಸರಿಹೋಗುತ್ತದೆ ಅಂತಲೂ ನಂಬಬೇಡಿ.

ಮುಂದಿನ ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ನೋಡಿ. ಹೀರೆಯಲ್ಲಿ ಅರ್ಕ ಸುಜಾತ್, ಅರ್ಕ ಸುಮೀತ್, ಸೋರೆಯಲ್ಲಿ ಅರ್ಕ ಬಹಾರ್, ಹಾಗಲದಲ್ಲಿ ಅರ್ಕ ಹರಿತ್ ಇವೆ. ಗಜದುದ್ದದ ಅಲಸಂದೆ ಬೇಕಾದರೆ ಅರ್ಕ ಮಂಗಳ. ಹಾಗಲ, ಪಡುವಲದ ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಇಣುಕಿದ ಮೇಲೆ ಊರಿ.

ನೀವು ಕತ್ತರಿಸಿ ತೆಗೆಯುವ ಐದು ಬಳ್ಳಿಗಳ ಜಾಗವನ್ನು ಖಾಲಿ ಬಿಡಬೇಡಿ. ಈ ತಿಂಗಳು ಮುಗಿಯುವುದರೊಳಗೆ ಚಪ್ಪರದವರೆ ಊರಿ, ಎರಡು ಗುಂಡಿ ಸಾಕು. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆ, ಹಾಗಾಗಿ ಅಕ್ಟೋಬರಿನಲ್ಲಿ ಬರೀ ಎಲೆ ಕಂಡರೆ ಗಾಬರಿಯಾಗಿ ನನಗೆ ಮತ್ತೆ ಬರೆಯಬೇಡಿ. ಅಷ್ಟರಲ್ಲಿ ಹೀರೆ, ಹಾಗಲ ಮುಗಿದು ಚಪ್ಪರ ಅದಕ್ಕೇ ಸಿಗುತ್ತದೆ. ಬೀಜ ಕೊಳ್ಳುವಾಗ ಬಳ್ಳಿ ಅವರೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಅರ್ಕ ಜಯ, ಅರ್ಕ ವಿಜಯ ಒಳ್ಳೆಯ ತಳಿಗಳೇ, ಆದರೆ ಗಿಡ್ಡ ಗಿಡ, ನಿಮ್ಮ 8 ಅಡಿ ಚಪ್ಪರವನ್ನು ಅವು ಕೆಳಗಿಂದ ನೋಡುತ್ತಾ ನಿಲ್ಲುತ್ತವೆ.